ಗಾರೆ ಸಮೇತ ಒಂದು ಇಟ್ಟಿಗೆ

ಹಿತ್ತಲ ಕಡೆಯ ಕಾಂಪೌಂಡು ಕಟ್ಟಿಸಲು ಮೇಸ್ತ್ರಿಯನ್ನು ಕರೆಸಿದ್ದೆ. ನಮ್ಮದು 30-40ರ ಸೈಟು. ಹಿಂಬದಿಯ 30 ಅಡಿ ಉದ್ದಕ್ಕೆ ಸೈಜುಗಲ್ಲಿನ ಪಾಯ ಮೊದಲೇ ಆಗಿತ್ತು. ಅದರ ಮೇಲೆ 5 ಅಡಿ ಎತ್ತರ, 9 ಇಂಚು ದಪ್ಪದ ಇಟ್ಟಿಗೆ ಗೋಡೆ ಏಳಬೇಕು. ಎಷ್ಟು ಇಟ್ಟಿಗೆ, ಎಷ್ಟು ಮೂಟೆ ಸಿಮೆಂಟು, ಎಷ್ಟು ಮರಳು ಬೇಕಾಗುತ್ತದೆ ಎಂದು ಕೇಳಿದೆ. ಅವರು ಪಾಯದ ಕಡೆ ಹೋಗಲೇ ಇಲ್ಲ. ಗೂಡಿನವರು ಮಾದರಿಗೆಂದು ಇಳಿಸಿಹೋಗಿದ್ದ ಇಟ್ಟಿಗೆಗಳ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಕೈಗೆ ಬಂದ ಹತ್ತನ್ನು ಎತ್ತಿ, ಒಂದರ ತಲೆಗೆ ಇನ್ನೊಂದರ ತಲೆ ತಾಗುವಂತೆ ನೆಲದ ಮೇಲೆ ಸಾಲಾಗಿ ಜೋಡಿಸಿ ಟೇಪು ಹಿಡಿದರು. 7 ಅಡಿ 6 ಇಂಚು. ಅವನ್ನೇ ತಿರುಗಿಸಿ ಮಗ್ಗುಲಿಗೆ ಮಗ್ಗುಲು ಜೋಡಿಸಿದರು. 3 ಅಡಿ 6½ ಇಂಚು. ಕೊನೆಗೆ ಒಂದರ ಮೇಲೊಂದು ಪೇರಿಸಿದರು. ಎರಡೂವರೆ ಅಡಿ.

"ಒಂದನ್ನೇ ಅಳೆದ್ರೆ ಸಾಲದಾ ಮೇಸ್ತ್ರಿ?" ಎಂದೆ.

"ಒಂದು ಅಳೆದ್ರೆ ಆ ಒಂದು ಇಟ್ಟಿಗೆ ಗೊತ್ತಾಗುತ್ತೆ ಸಾರ್. ಹತ್ತು ಅಳೆದ್ರೆ ಗೂಡು ಗೊತ್ತಾಗುತ್ತೆ" ಎಂದರು.

ಅವರು ಹೇಳಿದ್ದು ಅಪ್ಪಟ ಸತ್ಯ. ಇಟ್ಟಿಗೆ ಎಂದರೆ ಸುಟ್ಟ ಮಣ್ಣು. ಅಚ್ಚಿನಲ್ಲಿ ಒಂದೇ ಅಳತೆಯಲ್ಲಿದ್ದರೂ ಒಣಗುವಾಗ ಕುಗ್ಗುತ್ತದೆ, ಬೇಯುವಾಗ ಇನ್ನಷ್ಟು ಕುಗ್ಗುತ್ತದೆ. ಬೆಂಕಿಯ ಹತ್ತಿರ ಕೂತದ್ದು ಒಂದು ಗೆರೆ ಸಣ್ಣ, ಗೂಡಿನ ಅಂಚಿನದು ಒಂದು ಗೆರೆ ದೊಡ್ಡದು. ಭಾರತೀಯ ಮಾನಕ ಬ್ಯೂರೋ ಇಟ್ಟಿಗೆಗಾಗಿ ಮಾಡಿರುವ ಐಎಸ್ 1077 ಮಾನಕವೂ ಇದನ್ನೇ ಒಪ್ಪುತ್ತದೆ. ಅಲ್ಲಿ ಅಳತೆಯ ಪರೀಕ್ಷೆ ಒಂದು ಇಟ್ಟಿಗೆಯ ಮೇಲಲ್ಲ, ಸಾಲಾಗಿ ಜೋಡಿಸಿದ 20 ಇಟ್ಟಿಗೆಗಳ ಮೇಲೆ. ಆ ಪುಸ್ತಕವನ್ನು ಮೇಸ್ತ್ರಿ ಓದಿರಲಾರರು. ಅದನ್ನು ಬರೆದವರು ಎಲ್ಲೋ ಒಬ್ಬ ಒಳ್ಳೆಯ ಮೇಸ್ತ್ರಿಯ ಪಕ್ಕ ಕೂತು ನೋಡಿರಬೇಕು ಎಂದು ನನಗನ್ನಿಸಿತು.

ಹತ್ತರಿಂದ ಭಾಗಿಸಿದರೆ ನಮ್ಮ ಇಟ್ಟಿಗೆ 9 ಇಂಚು ಉದ್ದ, 4¼ ಅಗಲ, 3 ಇಂಚು ದಪ್ಪ. ಈ ಮೂರು ಅಂಕಿಗಳನ್ನು ಸುಮ್ಮನೆ ಓದಿಕೊಂಡು ಹೋದರೆ ಏನೂ ಕಾಣುವುದಿಲ್ಲ. ಎರಡು ಇಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಅರ್ಧ ಇಂಚು ಗಾರೆ ತುಂಬಿದೆ ಎಂದುಕೊಳ್ಳಿ. 4¼, ½, 4¼. ಕೂಡಿದರೆ ಸರಿಯಾಗಿ 9. ಅಂದರೆ ಎರಡು ಅಗಲ ಮತ್ತು ಒಂದು ಸಂದು ಸೇರಿದರೆ ಒಂದು ಉದ್ದ. ಹಾಗಿರುವುದರಿಂದಲೇ ಗೋಡೆಯ ಉದ್ದಕ್ಕೆ ಎರಡು ಇಟ್ಟಿಗೆ ಮಲಗಿಸಿದ ಸಾಲಿನ ಮೇಲೆ, ಗೋಡೆಗೆ ಅಡ್ಡಲಾಗಿ ಇಟ್ಟಿಗೆ ಇಟ್ಟ ಸಾಲು ಚಾಚೂ ತಪ್ಪದೆ ಕೂರುತ್ತದೆ. ಉದ್ದ ಮಲಗಿದ್ದಕ್ಕೆ ಸ್ಟ್ರೆಚರ್, ಅಡ್ಡ ಕೂತದ್ದಕ್ಕೆ ಹೆಡ್ಡರ್. ಒಂದು ಸಾಲು ಅದು, ಒಂದು ಸಾಲು ಇದು ಎಂದು ಕಟ್ಟುತ್ತ ಹೋಗುವುದು ಇಂಗ್ಲಿಷ್ ಬಾಂಡ್. ಕೆಳಗಿನ ಸಂದಿನ ನೆತ್ತಿಗೆ ಮೇಲಿನ ಸಂದು ಬರುವುದಿಲ್ಲ, ಎರಡು ಮುಖಗಳೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹರಪ್ಪದ ಇಟ್ಟಿಗೆಗಳ ದಪ್ಪ, ಅಗಲ, ಉದ್ದ 1:2:4ರ ಪ್ರಮಾಣದಲ್ಲಿದ್ದವು. ನಾಲ್ಕೂವರೆ ಸಾವಿರ ವರ್ಷಗಳ ಹಿಂದೆಯೂ ಅಗಲದ ಎರಡರಷ್ಟು ಉದ್ದ ಇರಬೇಕೆಂದು ಕಟ್ಟುವವರಿಗೆ ತಿಳಿದಿತ್ತು.

ಇಷ್ಟು ತಿಳಿದ ಮೇಲೆ ಲೆಕ್ಕದ ಕೀಲಿ ಕೈಗೆ ಬಂದಂತೆ. ಇಟ್ಟಿಗೆಯನ್ನು ಬರಿಮೈಯಲ್ಲಿ ಎಣಿಸಬಾರದು, ಗಾರೆ ಸಮೇತ ಎಣಿಸಬೇಕು. ಗೋಡೆಯಲ್ಲಿ ಕೂತ ಪ್ರತಿ ಇಟ್ಟಿಗೆಗೂ ಒಂದು ತಲೆಯ ಕಡೆ ಅರ್ಧ ಇಂಚು, ಅಡಿಯಲ್ಲಿ ಅರ್ಧ ಇಂಚು ಗಾರೆ ಅಂಟಿಕೊಂಡೇ ಬರುತ್ತದೆ. ಹಾಗಾಗಿ ಗೋಡೆಯ ಮುಖದಲ್ಲಿ 9 ಇಂಚಿನ ಇಟ್ಟಿಗೆ 9½ ಇಂಚು ಜಾಗ ಹಿಡಿಯುತ್ತದೆ, 3 ಇಂಚಿನದು 3½ ಇಂಚು ಎತ್ತರ ಹಿಡಿಯುತ್ತದೆ.

ನಮ್ಮ ಗೋಡೆಯ ಎತ್ತರ 60 ಇಂಚು. ಮೂರೂವರೆಯಿಂದ ಭಾಗಿಸಿದರೆ 17 ಸಾಲು, ಮೇಲೆ ಅರ್ಧ ಇಂಚು ಉಳಿಯುತ್ತದೆ. ಉದ್ದ 360 ಇಂಚು. ಒಂಬತ್ತೂವರೆಯಿಂದ ಭಾಗಿಸಿದರೆ 38ಕ್ಕೆ ಕೂದಲೆಳೆಯಷ್ಟು ಕಡಿಮೆ. 9 ಇಂಚಿನ ಗೋಡೆಯಲ್ಲಿ ಪ್ರತಿ ಒಂಬತ್ತೂವರೆ ಇಂಚಿಗೆ ಎರಡು ಇಟ್ಟಿಗೆ, ಸ್ಟ್ರೆಚರ್ ಸಾಲಾದರೂ ಅಷ್ಟೇ, ಹೆಡ್ಡರ್ ಸಾಲಾದರೂ ಅಷ್ಟೇ. ಆದ್ದರಿಂದ ಸಾಲಿಗೆ 76 ಇಟ್ಟಿಗೆ. 17 ಸಾಲಿಗೆ 1,292. ಇದೇ ಲೆಕ್ಕವನ್ನು ಚದರಡಿಯಲ್ಲಿ ಮಾಡಿದರೆ ಒಂದು ಚದರಡಿಗೆ 8.66 ಇಟ್ಟಿಗೆ ಬೀಳುತ್ತದೆ. ನಮ್ಮ 150 ಚದರಡಿಗೆ 1,299. ಎರಡು ದಾರಿಯಲ್ಲಿ ನಡೆದು ಹೋದರೂ ಏಳೇ ಇಟ್ಟಿಗೆಯ ವ್ಯತ್ಯಾಸ. ಆ ಏಳು ಎಲ್ಲಿಂದ ಬಂತು? ಮೇಲೆ ಉಳಿದ ಅರ್ಧ ಇಂಚಿನಿಂದ, ಉದ್ದದಲ್ಲಿ 38 ಎಂದು ತುಂಬಿಸಿಕೊಂಡ ಕೂದಲೆಳೆಯನ್ನು ಕಳೆದು. ಲೆಕ್ಕ ಹೀಗೆ ತನ್ನ ಬಾಕಿಯನ್ನು ತಾನೇ ತೋರಿಸಿಕೊಟ್ಟಾಗ ಆಗುವ ಸಂತೋಷ ದೊಡ್ಡದು.

ಮೇಸ್ತ್ರಿ ಎರಡನೆಯ ದಾರಿ ಹಿಡಿಯಲಿಲ್ಲ. ಒಂದು ರೀಪು ಕೇಳಿದರು. ನೇರವಾದ, ಐದಡಿಗಿಂತ ಸ್ವಲ್ಪ ಉದ್ದದ ಮರದ ಪಟ್ಟಿ. ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು ಅದರ ಮೇಲೆ ಮೂರೂವರೆ ಇಂಚಿಗೊಂದರಂತೆ ಗೆರೆ ಎಳೆಯುತ್ತ ಹೋದರು. ಹದಿನೇಳು ಗೆರೆ. ಇಡೀ ಗೋಡೆ ಆ ಪಟ್ಟಿಯ ಮೇಲೆ ಅಲ್ಲೇ ಎದ್ದು ನಿಂತಿತು. ಮುಂದೆ ಗೋಡೆ ಏಳುವಾಗ ಎರಡೂ ತುದಿಯಲ್ಲಿ ಈ ರೀಪು ನಿಲ್ಲಿಸಿ, ಗೆರೆಗೆ ಸರಿಯಾಗಿ ದಾರ ಕಟ್ಟಿ, ದಾರದ ಗುಂಟ ಇಟ್ಟಿಗೆ ಕೂರಿಸುತ್ತಾರೆ. ಲೆಕ್ಕ ಹಾಕಿದ ಕೋಲೇ ಕೆಲಸದ ಕಾವಲಿಗೂ ನಿಲ್ಲುತ್ತದೆ.

ಒಡೆಯುವುದಕ್ಕೆ, ಮುಕ್ಕಾಗುವುದಕ್ಕೆ, ಮೂಲೆಗೆ ಕೊಯ್ದು ಹಾಕುವುದಕ್ಕೆ ನೂರಕ್ಕೆ ಐದು ಸೇರಿಸುವುದು ವಾಡಿಕೆ. 1,357 ಆಗುತ್ತದೆ. "ಹದಿನಾಲ್ಕು ನೂರು ತರಿಸಿ ಸಾರ್, ಒಂದೇ ಸಲ" ಎಂದರು. ಒಂದೇ ಸಲ ಎಂಬ ಮಾತನ್ನು ಒತ್ತಿ ಹೇಳಿದರು. ಅದರ ಬೆಲೆ ನನಗೆ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ಮನೆ ಕಟ್ಟಿಸುವಾಗ ಮೆಟ್ಟಿಲ ಪಕ್ಕದ ಗೋಡೆಗೆ ಇಟ್ಟಿಗೆ ಕಡಿಮೆ ಬಿದ್ದು, ಬೇರೆ ಗೂಡಿನಿಂದ ಇನ್ನೊಂದು ಲೋಡು ತರಿಸಿದ್ದೆವು. ಅದು ಕಾಲು ಇಂಚು ತೆಳು. ಹಳೆಯ ಸಾಲಿಗೆ ಹೊಸ ಸಾಲು ಹೊಂದಲೇ ಇಲ್ಲ. ಸಂದಿಗೆ ಗಾರೆ ಮೆತ್ತಿ ಮೆತ್ತಿ ಮಟ್ಟ ತಂದರು. ಗಿಲಾವಿನ ಕೆಳಗೆ ಅದು ಮುಚ್ಚಿಹೋಗಿದೆ, ಆದರೆ ಆ ಜಾಗದಲ್ಲಿ ಉದ್ದಕ್ಕೂ ಒಂದು ಬಿರುಕು ಇವತ್ತಿಗೂ ಇದೆ.

ಇನ್ನು ಗಾರೆ. ಕೆಲಸದವರ ಬಾಯಲ್ಲಿ ಅದು ಮಾಲು. ಗೋಡೆಯ ಒಟ್ಟು ಗಾತ್ರದಲ್ಲಿ ಇಟ್ಟಿಗೆಯ ಗಾತ್ರ ಕಳೆದರೆ ಉಳಿಯುವುದೆಲ್ಲ ಗಾರೆಯೇ. 17 ಸಾಲಿನ ನಮ್ಮ ಗೋಡೆ 111½ ಘನ ಅಡಿ. 1,292 ಇಟ್ಟಿಗೆಗಳು 85.8 ಘನ ಅಡಿ. ಉಳಿದದ್ದು ಹತ್ತಿರಹತ್ತಿರ 26 ಘನ ಅಡಿ. ಅರ್ಧ ಇಂಚಿನ ಸಂದು ಎಂದರೆ ಏನು ಮಹಾ ಅನ್ನಿಸುತ್ತದೆ. ಆದರೆ ಗೋಡೆಯ ಕಾಲು ಭಾಗಕ್ಕೆ ಸ್ವಲ್ಪ ಕಡಿಮೆ ಅದೇ ಇದೆ. ನಾವು ಇಟ್ಟಿಗೆ ಗೋಡೆ ಎಂದು ಕರೆಯುವುದರಲ್ಲಿ ನಾಲ್ಕರಲ್ಲಿ ಒಂದು ಪಾಲು ಗಾರೆ ಗೋಡೆ.

26 ಬರಿಯ ಸಂದಿನ ಲೆಕ್ಕ. ಇಟ್ಟಿಗೆಯ ನೆತ್ತಿಯ ಮೇಲೆ ಗೂಡಿನವರ ಹೆಸರಿನ ಅಕ್ಷರ ಒತ್ತಿದ ಒಂದು ಗುಳಿ ಇರುತ್ತದಲ್ಲ, ಅದಕ್ಕೂ ಗಾರೆ ಹೋಗುತ್ತದೆ. ಮಾನಕದ ಪ್ರಕಾರ ಆ ಗುಳಿ 100 ಮಿ.ಮೀ. ಉದ್ದ, 40 ಅಗಲ, ಕನಿಷ್ಠ 10 ಆಳ. ಒಂದಕ್ಕೆ 40 ಮಿಲಿಲೀಟರು. ಕಾಫಿ ಲೋಟದ ತಳ ಮುಚ್ಚುವಷ್ಟು. ಅದನ್ನು 1,300 ಸಲ ಸುರಿದರೆ 50 ಲೀಟರ್ ದಾಟುತ್ತದೆ. ಗುಳಿ ಮೇಲಕ್ಕೆ ಬರುವಂತೆ ಇಟ್ಟರೆ ಗಾರೆ ತುಂಬಿ ಮೇಲಿನ ಇಟ್ಟಿಗೆಯನ್ನು ಕಚ್ಚಿ ಹಿಡಿಯುತ್ತದೆ. ಬೋರಲು ಹಾಕಿದರೆ ಗಾರೆ ಉಳಿಯುತ್ತದೆ, ಒಳಗೆ ಪೊಳ್ಳೂ ಉಳಿಯುತ್ತದೆ. ನಮ್ಮ ಮೇಸ್ತ್ರಿ ಒಂದನ್ನೂ ಬೋರಲು ಹಾಕಲಿಲ್ಲ. ಕರಣೆಯಿಂದ ಕೆಳಗೆ ಬೀಳುವುದು, ಇಟ್ಟಿಗೆಯ ಸೊಟ್ಟ ಅಂಚಿಗೆ ತುಂಬುವುದು, ಬಾಂಡ್ಲಿಯಲ್ಲಿ ಮೆತ್ತಿಕೊಳ್ಳುವುದು, ಎಲ್ಲ ಸೇರಿ ನೂರಕ್ಕೆ 15 ಹೆಚ್ಚು ಹಿಡಿದರೆ 30 ಘನ ಅಡಿ ಕಲಸಿದ ಗಾರೆ ಬೇಕು.

ಸಂದು ದಪ್ಪವಾದರೆ ಏನಾಗುತ್ತದೆ ಎಂದು ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಅಡಿಯ ಸಂದು ಅರ್ಧದ ಬದಲು ಮುಕ್ಕಾಲು ಇಂಚಾದರೆ 17 ಸಾಲಿನ ಬದಲು 16 ಸಾಲಿಗೇ ಐದಡಿ ತುಂಬುತ್ತದೆ. 76 ಇಟ್ಟಿಗೆ ಉಳಿಯಿತು ಎಂದು ಖುಷಿಪಡುವ ಹಾಗಿಲ್ಲ. ಗಾರೆ ಆರು ಘನ ಅಡಿ ಹೆಚ್ಚಾಗುತ್ತದೆ, ಸುಮಾರು ಒಂದು ಮೂಟೆ ಸಿಮೆಂಟು ಹೆಚ್ಚಾಗುತ್ತದೆ, ಗೋಡೆಯೂ ಬಲ ಕಳೆದುಕೊಳ್ಳುತ್ತದೆ. ಕಾಲು ಇಂಚು ಎಂದರೆ ಕಿರುಬೆರಳಿನ ಅರ್ಧ ದಪ್ಪ. ಕರಣೆ ಹಿಡಿದ ಕೈ ಅಷ್ಟು ಸಡಿಲವಾದರೆ ಕಾಗದದ ಮೇಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ. ನಾನು ಈ ಕಸುಬನ್ನು ಇಷ್ಟು ಗೌರವಿಸುವುದು ಈ ಕಾರಣಕ್ಕೆ. ಇಲ್ಲಿ ಅಂದಾಜು ಮಾಡಿದವರೇ ಆ ಅಂದಾಜನ್ನು ಸಾಲು ಸಾಲಿಗೂ ಕೈಯಾರೆ ನಿಜ ಮಾಡಬೇಕು.

30 ಘನ ಅಡಿ ಗಾರೆಗೆ 30 ಘನ ಅಡಿ ಸಿಮೆಂಟು-ಮರಳು ತಂದರೆ ಸಾಲದು. ಒಂದು ಸೇರು ಕಡಲೆಕಾಳಿಗೆ ಒಂದು ಪಾವು ಸಾಸಿವೆ ಸುರಿದು ಅಲ್ಲಾಡಿಸಿ ನೋಡಿ. ಒಂದೂಕಾಲು ಸೇರು ಆಗುವುದಿಲ್ಲ. ಸಾಸಿವೆ ಕಾಳಿನ ಸಂದಿಗೆ ಇಳಿದುಹೋಗುತ್ತದೆ. ಮರಳಿನ ಕಣಗಳ ನಡುವೆ ಸಿಮೆಂಟು ಇಳಿಯುವುದೂ ಹಾಗೆಯೇ. ನೀರು ಬಿದ್ದ ಮೇಲೆ ಗಾಳಿ ಹೊರಟು ಮತ್ತಷ್ಟು ಕೂರುತ್ತದೆ. ಅದಕ್ಕಾಗಿ ಒಣ ಸಾಮಾನನ್ನು ಮೂರನೇ ಒಂದು ಪಾಲು ಹೆಚ್ಚು ಹಿಡಿಯುತ್ತಾರೆ. 30ಕ್ಕೆ 40. ಕಾಂಪೌಂಡಿನ 9 ಇಂಚು ಗೋಡೆಗೆ ಒಂದಕ್ಕೆ ಆರರ ಹದ ಸಾಕು. ಒಟ್ಟು ಏಳು ಪಾಲಿನಲ್ಲಿ ಒಂದು ಪಾಲು ಸಿಮೆಂಟು, ಅಂದರೆ 5.7 ಘನ ಅಡಿ. 50 ಕಿಲೋ ಮೂಟೆಯ ಗಾತ್ರ ಸುಮಾರು 35 ಲೀಟರ್, ಒಂದೂಕಾಲು ಘನ ಅಡಿಗೆ ತುಸು ಕಡಿಮೆ. ನಾಲ್ಕೂವರೆ ಮೂಟೆ ದಾಟಿತು, ಐದು ತರಿಸಬೇಕು. ಮರಳು 34 ಘನ ಅಡಿ.

ಮರಳಿನ ಅಂಕಿ ಹೇಳಿ ಮುಗಿಸಿದೆ ಎಂದುಕೊಂಡಿದ್ದೆ. ಮೇಸ್ತ್ರಿ ತಲೆಯಾಡಿಸಿದರು. ಬಂದದ್ದು ಎಂ-ಸ್ಯಾಂಡು, ಹಿಂದಿನ ದಿನ ಒಂದು ಹದ ಮಳೆ ಬಿದ್ದಿತ್ತು. ಅವರು ಬಕೆಟ್ಟಿನಲ್ಲಿ ಅದುಮದೆ ಮರಳು ತುಂಬಿ, ಒಂದು ಕಡ್ಡಿ ತಳದವರೆಗೆ ಇಳಿಸಿ ಅಳೆದರು. 10 ಇಂಚು. ಆಮೇಲೆ ಬಕೆಟ್ಟಿನ ತುಂಬ ನೀರು ಹೊಯ್ದು, ಕಡ್ಡಿಯಿಂದ ಚೆನ್ನಾಗಿ ಕಲಕಿ, ಬೀಡಿ ಒಂದು ಮುಗಿಯುವಷ್ಟು ಹೊತ್ತು ಬಿಟ್ಟರು. ಮರಳು ತಳಕ್ಕೆ ಕೂತಿತು. ಕಡ್ಡಿ ಮತ್ತೆ ಇಳಿಸಿದರು. 8 ಇಂಚು. ನೀರು ಹಾಕಿದರೆ ಕಡಿಮೆಯಾಗುವ ವಸ್ತು! ಒದ್ದೆ ಮರಳಿನಲ್ಲಿ ಪ್ರತಿ ಕಣದ ಸುತ್ತ ನೀರಿನ ತೆಳು ಪೊರೆ ಇರುತ್ತದೆ. ಆ ಪೊರೆ ಕಣಗಳನ್ನು ದೂರ ದೂರ ಹಿಡಿದಿಡುತ್ತದೆ, ಮರಳು ಉಬ್ಬುತ್ತದೆ. ನೀರಿನಲ್ಲಿ ಪೂರ್ತಿ ಮುಳುಗಿದಾಗ ಪೊರೆ ಒಡೆದು ಕಣಗಳು ಮತ್ತೆ ಒಂದಕ್ಕೊಂದು ಒತ್ತಿ ಕೂರುತ್ತವೆ. ಎಂಟಕ್ಕೆ ಎರಡು ಉಬ್ಬು, ಅಂದರೆ ಕಾಲು ಪಾಲು. ನನ್ನ 34 ಘನ ಅಡಿ ಒಣ ಮರಳು ಈ ಹಸಿ ರಾಶಿಯಲ್ಲಿ 43 ಆಗಬೇಕು.

ಇದು ಬರಿಯ ಲಾರಿ ಬಾಡಿಗೆಯ ಮಾತಲ್ಲ. ಹಸಿ ಮರಳನ್ನು ಆರು ಪೆಟ್ಟಿಗೆ ಎಂದು ಅಳೆದು ಹಾಕಿದರೆ ನಿಜವಾಗಿ ಬೀಳುವುದು ಐದು ಪೆಟ್ಟಿಗೆಗೂ ಕಡಿಮೆ. ಒಂದಕ್ಕೆ ಆರು ಎಂದುಕೊಂಡು ಸಿಮೆಂಟು ಸುರಿಯುತ್ತೇವೆ, ಹದ ಒಂದಕ್ಕೆ ಐದು ದಾಟಿರುವುದಿಲ್ಲ. ಐದನೆಯ ಮೂಟೆ ಗೋಡೆ ಮುಗಿಯುವ ಮೊದಲೇ ಖಾಲಿಯಾಯಿತಲ್ಲ, ಯಾರೋ ಎತ್ತಿದರೇನೋ ಎಂದು ಕೆಲಸದವರ ಮೇಲೆ ಅನುಮಾನಪಡುವ ಮನೆಗಳನ್ನು ನಾನು ನೋಡಿದ್ದೇನೆ. ಒಂದು ಬಕೆಟ್ಟು ನೀರು ಆ ಅನುಮಾನವನ್ನು ತೊಳೆದು ಹಾಕುತ್ತದೆ. ಅಳತೆಯ ಪೆಟ್ಟಿಗೆ ಮಾಡಿಸುವುದೂ ಸುಲಭ. ಒಳಗಿನ ಅಳತೆ 35 ಸೆಂ.ಮೀ., 25 ಸೆಂ.ಮೀ., 40 ಸೆಂ.ಮೀ. ಇದ್ದರೆ ಸರಿಯಾಗಿ 35 ಲೀಟರ್, ಒಂದು ಮೂಟೆ ಸಿಮೆಂಟಿಗೆ ಸಮ. ಬಾಂಡ್ಲಿ ಲೆಕ್ಕದಲ್ಲಿ ಒಬ್ಬರು ಗೋಪುರ ಕಟ್ಟಿ ತುಂಬುತ್ತಾರೆ, ಒಬ್ಬರು ಅಂಚಿಗೆ ನಿಲ್ಲಿಸುತ್ತಾರೆ.

ಮನೆಯ ಗೋಡೆಗೆ ಬಂದರೆ ಇನ್ನೆರಡು ವಿಷಯ ಸೇರುತ್ತವೆ. ಮೊದಲನೆಯದು ಮೂಲೆ. 30-40ರ ಸೈಟಿನ ಸುತ್ತ ಗೋಡೆ ಎಂದರೆ 30, 40, 30, 40 ಕೂಡಿ 140 ಅಡಿ ಎನ್ನುತ್ತೇವೆ. ಹಾಗೆ ಕೂಡಿದರೆ ನಾಲ್ಕು ಮೂಲೆಗಳೂ ಎರಡೆರಡು ಸಲ ಎಣಿಕೆಗೆ ಬರುತ್ತವೆ. ಎರಡು ಗೋಡೆಗಳನ್ನು ಪೂರ್ತಿ 30 ಅಡಿ ಹಿಡಿದು, ಉಳಿದೆರಡನ್ನು ಅವುಗಳ ನಡುವೆ ಹಿಡಿದರೆ 38½ ಅಡಿ. ಒಟ್ಟು 137. ಎರಡನೆಯದು ಬಾಗಿಲು, ಕಿಟಕಿ. ಅವುಗಳ ಜಾಗ ಕಳೆಯಬೇಕು. 3 ಅಡಿ ಅಗಲ, 7 ಅಡಿ ಎತ್ತರದ ಒಂದು ಬಾಗಿಲು ನಮ್ಮ ಇಟ್ಟಿಗೆಯಲ್ಲಿ ಸುಮಾರು 180 ಇಟ್ಟಿಗೆ ಉಳಿಸುತ್ತದೆ. ಪೈಪು ಹೋಗುವ ತೂತು, ಗಾಳಿಕಿಂಡಿಯಂಥ 0.1 ಚದರ ಮೀಟರಿನೊಳಗಿನ ಕಂಡಿಗಳನ್ನು ಕಳೆಯುವುದಿಲ್ಲ. ಅಷ್ಟಕ್ಕೆ ಸುತ್ತಲಿನ ಇಟ್ಟಿಗೆ ಕೊಯ್ಯುವ ಶ್ರಮವೇ ಸರಿದೂಗುತ್ತದೆ.

ಬೆಂಗಳೂರಿನಲ್ಲಿ ಈಗ ಇಟ್ಟಿಗೆಯ ಜಾಗವನ್ನು ಸಿಮೆಂಟ್ ಬ್ಲಾಕು ಬಹುಮಟ್ಟಿಗೆ ಹಿಡಿದಿದೆ. 16 ಇಂಚು ಉದ್ದ, 8 ಇಂಚು ಎತ್ತರದ ಬ್ಲಾಕು ಸಂದು ಸಮೇತ ಹತ್ತಿರಹತ್ತಿರ ಒಂದು ಚದರಡಿ. ನೂರು ಚದರಡಿಗೆ 103 ಬ್ಲಾಕು, ಲೆಕ್ಕ ಬೆರಳ ತುದಿಯಲ್ಲಿ. ಗಾರೆಯೂ ಉಳಿತಾಯ. 6 ಇಂಚಿನ ಬ್ಲಾಕು ಗೋಡೆಯ ಸಂದಿಗೆ ನೂರು ಚದರಡಿಗೆ ನಾಲ್ಕೂವರೆ ಘನ ಅಡಿ ಸಾಕು, ನಮ್ಮ ಇಟ್ಟಿಗೆ ಗೋಡೆಗೆ ಹದಿನೇಳೂವರೆ ಬೇಕು. ತಿರುವನಂತಪುರದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಇಟ್ಟಿಗೆಯನ್ನು ಬಿಡದೆಯೇ ಇನ್ನೊಂದು ದಾರಿ ತೋರಿಸಿದರು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಗೋಡೆಯ ಹೊಟ್ಟೆಯಲ್ಲಿ ಟೊಳ್ಳು ಬಿಟ್ಟು ಕಟ್ಟುವ ರ‍್ಯಾಟ್ ಟ್ರ್ಯಾಪ್ ಬಾಂಡ್ ಅದು. ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ, ಒಳಗಿನ ಗಾಳಿ ಬಿಸಿಲನ್ನು ತಡೆಯುತ್ತದೆ.

ಗಾರೆ ಎಂಬ ಮಾತು ಸಿಮೆಂಟಿಗಿಂತ ಹಳೆಯದು. ಸುಣ್ಣದ ಗಾರೆಗೆ ಇಟ್ಟಿಗೆಯ ಪುಡಿ ಬೆರೆಸಿದರೆ ಸುರ್ಕಿ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಅಂಥ ಸುರ್ಕಿ ಗಾರೆಯೇ. ಒಡೆದ ಇಟ್ಟಿಗೆಯೂ ಪುಡಿಯಾಗಿ ಮತ್ತೆ ಗೋಡೆಗೇ ಸೇರುತ್ತಿತ್ತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಕೆಲಸ ಶುರುವಾದ ಬೆಳಿಗ್ಗೆ ಮೊದಲು ಇಟ್ಟಿಗೆ ನೆನೆಹಾಕಿದರು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿ ಅದನ್ನು ಪುಡಿ ಮಾಡಿಬಿಡುತ್ತದೆ. ತೊಟ್ಟಿಯಲ್ಲಿ ಮುಳುಗಿಸಿದ ಕೂಡಲೆ ಮೈಯಿಂದ ಸಣ್ಣ ಗುಳ್ಳೆಗಳ ಸಾಲು ಚಿರ್ ಎನ್ನುತ್ತ ಏಳುತ್ತದೆ. ಆ ಸದ್ದು ನಿಂತ ಮೇಲೆ ಎತ್ತುತ್ತಾರೆ. ಸಿಮೆಂಟನ್ನು ಒಂದೊಂದೇ ಮೂಟೆ ಒಡೆದು, ಒಣದಾಗಿ ಮರಳಿನ ಜೊತೆ ಬೆರೆಸಿಟ್ಟು, ಅರ್ಧ ಗಂಟೆಯಲ್ಲಿ ಮುಗಿಯುವಷ್ಟಕ್ಕೆ ಮಾತ್ರ ನೀರು ಹಾಕುತ್ತಿದ್ದರು. ಬಿಗಿಯಲು ಶುರುವಾದ ಗಾರೆಗೆ ಮತ್ತೆ ನೀರು ಹೊಯ್ದು ಮೆದು ಮಾಡುವುದನ್ನು ಅವರು ಒಪ್ಪುತ್ತಿರಲಿಲ್ಲ. ಒಂದು ಮೂಟೆಯ ಗಾರೆಗೆ ನಾಲ್ಕು ಸಾಲಿಗೆ ಸ್ವಲ್ಪ ಕಡಿಮೆ ಏಳುತ್ತಿತ್ತು. ಕಾಗದದಲ್ಲಿ ನಾನು ಹಾಕಿದ್ದೂ ಅಷ್ಟೇ. ಐದಡಿಯನ್ನು ಒಂದೇ ದಿನ ಏರಿಸದೆ ಎರಡು ದಿನಕ್ಕೆ ಹಂಚಿದರು. ಹಸಿ ಗಾರೆಯ ಮೇಲೆ ಅಷ್ಟು ಭಾರ ಬೀಳಬಾರದು. ಎರಡನೆಯ ದಿನ ಸಂಜೆ ಹದಿನೇಳನೆಯ ಸಾಲು ಹದಿನೇಳನೆಯ ಗೆರೆಗೆ ಬಂದು ನಿಂತಿತು. ಐದನೆಯ ಮೂಟೆಯಲ್ಲಿ ಎರಡು ಬಾಂಡ್ಲಿಯಷ್ಟು ಸಿಮೆಂಟು ಉಳಿದಿತ್ತು. ಒಡೆದವನ್ನು ಬಿಟ್ಟು ಇಡೀ ಇಟ್ಟಿಗೆ 58. ಅವನ್ನು ತೆಂಗಿನ ಬುಡಕ್ಕೆ ಸುತ್ತ ಜೋಡಿಸಿ, ಏಳು ದಿನ ಬೆಳಿಗ್ಗೆ ಸಂಜೆ ಗೋಡೆಗೆ ನೀರುಣಿಸಲು ಹೇಳಿ ಹೊರಟರು.

ಪಕ್ಕದ ಮನೆಯವರು ಗೋಡೆ ನೋಡಿ ತಮ್ಮದಕ್ಕೂ ಅವರನ್ನೇ ಕರೆದರು. ಮರುವಾರ ಮೇಸ್ತ್ರಿ ರೀಪು ಕೇಳಿಕೊಂಡು ಬಂದರು, ಬಾಗಿಲ ಹಿಂದೆ ಇಟ್ಟಿದ್ದೆ, ಕೊಟ್ಟೆ. ಗೋಡೆಯಾಚೆ ಇಣುಕಿದರೆ ಅವರು ಆಗಲೇ ಕುಕ್ಕರಗಾಲಲ್ಲಿ ಕೂತು ಪಕ್ಕದ ಮನೆಯ ಹತ್ತು ಇಟ್ಟಿಗೆ ಪೇರಿಸುತ್ತಿದ್ದರು. ಎರಡೂವರೆ ಅಡಿ ಬರಲಿಲ್ಲ, 27½ ಇಂಚಿಗೇ ನಿಂತಿತು. ರೀಪಿನ ಇನ್ನೊಂದು ಮಗ್ಗುಲು ತಿರುಗಿಸಿ, ಅಂಗೈಯಿಂದ ದೂಳು ಒರೆಸಿ, ಮೂರೂಕಾಲು ಇಂಚಿಗೆ ಮೊದಲ ಗೆರೆ ಎಳೆದರು.